ಭಾವನವರ ಬ್ಯಾಟರಿ ಸೋಮವಾರ

ನಮ್ಮ ಭಾವ ಈ ಲೋಕದಲ್ಲಿ ಯಾರನ್ನಾದರೂ ಮನಸಾರೆ ಪ್ರೀತಿಸಿದ್ದರೆ ಅದು ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು. ನನ್ನ ಅಕ್ಕನನ್ನಂತೂ ಅಲ್ಲ. ಅಕ್ಕ ಅವರ ಹೆಂಡತಿ, ಅಷ್ಟೆ. ಮೂವತ್ತೆರಡು ವರ್ಷದಿಂದ ಜೊತೆಗಿದ್ದಾಳೆ, ಮುದ್ದೆ ತಿರುವಿ ಹಾಕಿದ್ದಾಳೆ, ಒಬ್ಬಳು ಮಗಳನ್ನು ಹೆತ್ತು ಸಾಕಿ ಮದುವೆ ಮಾಡಿ ಕಳಿಸಿದ್ದಾಳೆ. ಇಷ್ಟೆಲ್ಲ ಇದ್ದು ಏನು ಬಂತು? ಅವಳ ನೆತ್ತಿಯ ಮೇಲೆ ಪ್ಲಸ್ಸು ಒಂದು, ಮೈನಸ್ಸು ಒಂದು ಎಂದು ಎರಡು ಸೀಸದ ಗುಬುಟು ಇಲ್ಲವಲ್ಲ! ಇದ್ದಿದ್ದರೆ ಭಾವ ಪ್ರತಿ ಸೋಮವಾರ ಬಿಸಿನೀರು ಹಾಕಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಗ್ರೀಸು ಹಚ್ಚುತ್ತಿದ್ದರು.

ಬಾಮೈದನಾದವನು ಭಾವನನ್ನು ಹೀಗೆ ಆಡಿಕೊಳ್ಳಬಹುದೇ ಎಂದು ನೀವು ಹುಬ್ಬೇರಿಸಬೇಡಿ. ನಮ್ಮ ತಿಪಟೂರು ಸೀಮೆಯಲ್ಲಿ ಬಾಮೈದ ಭಾವನನ್ನು ಆಡಿಕೊಳ್ಳದಿದ್ದರೆ ಮನೆಯವರು ಗಾಬರಿಯಾಗಿ ಅವನ ಹಣೆ ಮುಟ್ಟಿ ಜ್ವರ ನೋಡುತ್ತಾರೆ. ಅದೂ ಅಲ್ಲದೆ ತಿಪಟೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೀಗ, ಬಣ್ಣ ಮಾರುತ್ತ ದಿನವಿಡೀ ಗಿರಾಕಿಗಳ ಮುಂದೆ ನಯವಾಗಿ ಮಾತಾಡಿ ಮಾತಾಡಿ ನಾಲಿಗೆ ಜಡ್ಡುಗಟ್ಟಿರುತ್ತದೆ. ಸೋಮವಾರ ಅಂಗಡಿಗೆ ರಜಾ. ಆ ನಾಲಿಗೆಯನ್ನು ಒಂದಿಷ್ಟು ಸಾಣೆ ಹಿಡಿದುಕೊಂಡು ಬರೋಣವೆಂದು ನಾನು ಬಿಳಿಗೆರೆಗೆ, ಅಕ್ಕನ ಮನೆಗೆ ಹೋಗುತ್ತೇನೆ.

ಅಲ್ಲಿ ಭಾವನ ತೆಂಗಿನ ತೋಟ. ತೋಟದ ತಲೆಗೆ ಮನೆ. ಮನೆಯ ಪಕ್ಕಕ್ಕೆ ಗೋಡೆಯಿಲ್ಲದ, ಮೇಲೆ ತಗಡು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಶೆಡ್ಡಿನೊಳಗೆ ಹದಿನಾಲ್ಕು ವರ್ಷ ಹಳೆಯ ಬಿಳಿ ಡೀಸೆಲ್ ಕಾರು, ವರ್ಷಕ್ಕೆರಡು ಸಲ ತೋಟ ಉಳುವ ಟ್ರಾಕ್ಟರು, ಕರೆಂಟು ಹೋದಾಗ ಬೇಕಾಗುತ್ತದೆಂದು ತಂದ ಜನರೇಟರು, ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದ ಸ್ಕೂಟರು, ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಬ್ಯಾಟರಿ ಪಂಪು. ಐದೂ ಕೆಲಸಕ್ಕೆ ಬರುವಂಥವೇ. ಐದಕ್ಕೂ ಕೆಲಸ ಕೊಡುವವರಿಲ್ಲ. ಆದರೆ ಯಾವುದರ ಬ್ಯಾಟರಿಯೂ ತಾನಾಗಿ ಇಳಿದ ಚರಿತ್ರೆಯಿಲ್ಲ. ಒಂದನ್ನು ಮಾತ್ರ ಭಾವ ಸ್ವಂತ ಕೈಯಾರೆ ಕೊಂದರು, ಅದಕ್ಕೆ ಬರುತ್ತೇನೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವನ ದಿನ. ಭಾವನ ಕೊಟ್ಟಿಗೆಯಲ್ಲಿ ಈಗ ಎತ್ತೇ ಇಲ್ಲ, ಎರಡು ಸೀಮೆಹಸು ಇವೆ. ಎತ್ತು ಹೋದರೂ ಎತ್ತಿನ ರಜಾ ಮಾತ್ರ ಉಳಿದುಕೊಂಡಿದೆ. ಸರಿ, ಬಸವನಿಗೆ ಬಿಡುವು ಕೊಟ್ಟ ದಿನವೇ ಎಂಜಿನ್ನುಗಳಿಗೆ ಕವಾಯತು. ಭಾವ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಮೂರು ಗೆರೆ ವಿಭೂತಿ ಎಳೆದು, ಹೆಗಲಿಗೆ ಟವಲು ಹಾಕಿಕೊಂಡು ಶೆಡ್ಡಿಗೆ ದಯಮಾಡಿಸುತ್ತಾರೆ. ಕೈಯಲ್ಲಿ ತಲೆಗೆ ರಬ್ಬರ್ ಉಂಡೆ ಇರುವ ಒಂದು ಗಾಜಿನ ಕೊಳವೆ. ಬ್ಯಾಟರಿಯ ಮುಚ್ಚಳ ಬಿಚ್ಚಿ, ಒಳಗಿನ ಆಸಿಡ್ ನೀರನ್ನು ಅದರಿಂದ ಎಳೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಅದಕ್ಕೆ 'ಗ್ರಾವಿಟಿ ನೋಡೋದು' ಅಂತ ಹೆಸರು. ಕೊಳವೆಯೊಳಗಿನ ತೇಲುಗಡ್ಡಿ ಮೇಲೆ ನಿಂತರೆ ಚಾರ್ಜು ಇದೆ, ಕೆಳಗೆ ಕೂತರೆ ಇಲ್ಲ. ಮೇಲೆ ನಿಂತ ದಿನ ಭಾವನ ಮುಖ ನೋಡಬೇಕು ನೀವು. ಮಗಳು ಪಾಸಾದ ದಿನವೂ ಅಷ್ಟು ಬೆಳಗಿರಲಿಲ್ಲ.

ಆಮೇಲೆ ಒಂದೊಂದನ್ನೇ ಸ್ಟಾರ್ಟು ಮಾಡಿ ಹದಿನೈದು ನಿಮಿಷ ಗುರುಗುಟ್ಟಿಸುವುದು. ನಿಂತ ಜಾಗದಲ್ಲೇ. ಟ್ರಾಕ್ಟರಿನ ಹೊಗೆ ನೇರ ಅಕ್ಕ ಒಣಹಾಕಿದ ಸೀರೆಗಳ ಮೇಲೆ. ಅಕ್ಕ ಬೇಕಾದಷ್ಟು ಸಲ ಹಗ್ಗದ ಜಾಗ ಬದಲಾಯಿಸಿದಳು. ಹೊಗೆ ಹುಡುಕಿಕೊಂಡು ಬಂತು.

"ಭಾವ, ಇದನ್ನ ಸುಮ್ನೆ ಬಿಟ್ರೆ ಏನಾಗುತ್ತೆ?" ಎಂದು ನಾನು ಒಮ್ಮೆ ಕೇಳಿದೆ.

"ನೋಡಯ್ಯ, ಕೊಬ್ಬರಿ ಅಟ್ಟದ ಮೇಲೆ ವರ್ಷಗಟ್ಲೆ ಸುಮ್ಕೆ ಬಿದ್ದಿದ್ರೆ ಒಣಗಿ ಬೆಲೆ ಬತ್ತದೆ. ಬ್ಯಾಟ್ರಿ ಮೂರು ತಿಂಗ್ಳು ಸುಮ್ಕೆ ಬಿದ್ದಿದ್ರೆ ಹೆಣ. ಎಲ್ಲಾನೂ ಕೊಬ್ಬರಿ ಅನ್ಕೊಂಡಿದೀಯಾ ನೀನು?"

"ಹಂಗಾದ್ರೆ ಓಡಿಸಿ."

"ಓಡಿಸಿದ್ರೆ ಸವೀತದೆ."

ನಿಲ್ಲಿಸಿದರೆ ಇಳಿಯುತ್ತದೆ, ಓಡಿಸಿದರೆ ಸವೆಯುತ್ತದೆ. ಇಂಥ ತತ್ವಜ್ಞಾನಿಗೆ ನಾನು ಮೊಳೆ ಮಾರುವವನು ಏನು ಉತ್ತರ ಹೇಳಲಿ?

ಈಗ ಅಕ್ಕನ ವಿಷಯಕ್ಕೆ ಬರೋಣ. ಇಷ್ಟು ವರ್ಷದಲ್ಲಿ ಅಕ್ಕ ಬಾಯಿಬಿಟ್ಟು ಕೇಳಿರುವುದು ಒಂದೇ. ಬಂಗಾರ ಕೇಳಿಲ್ಲ, ಕಾಶಿ ಕೇಳಿಲ್ಲ. ಗೌರಿ ಹಬ್ಬಕ್ಕೆ ಆ ಬಿಳಿ ಕಾರಿನಲ್ಲಿ ಕೂತು ತಿಪಟೂರಿಗೆ, ತವರಿಗೆ ಬಂದು, ನಮ್ಮ ಗೇಟಿನ ಮುಂದೆ ಇಳಿಯಬೇಕು. ಬಿಳಿಗೆರೆಯಿಂದ ತಿಪಟೂರು ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಅಪ್ಪ ಅಮ್ಮ ಹೋದ ಮೇಲೆ ಬಾಗಿನ ಕೊಡುವವನು ನಾನೊಬ್ಬನೇ. ಅವಳ ಮಂಡಿ ನೋವು ಶುರುವಾದಾಗಿನಿಂದ ನಾನೇ ಬಾಗಿನ ಹೊತ್ತು ಅಲ್ಲಿಗೆ ಹೋಗುತ್ತಿದ್ದೆ. ಪ್ರತಿ ವರ್ಷ ಮೊರ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಾಳೆ, ಆಮೇಲೆ ಶೆಡ್ಡಿನ ಕಡೆ ಒಮ್ಮೆ ನೋಡುತ್ತಾಳೆ.

"ನಾನೇ ಒಬ್ಬ ಡ್ರೈವರನ್ನ ಕಳಿಸ್ತೀನಿ, ಬಾರಕ್ಕ" ಎಂದಿದ್ದೆ.

"ಡ್ರೈವರ್ ಇಟ್ಕೊಂಡು ಬರೋ ಹಂಗಿದ್ರೆ ಬಾಡಿಗೆ ಕಾರೇ ಸಾಕಲ್ಲಾ. ನಂಗೆ ಅದಲ್ಲ ಕಣ್ಲಾ ಬೇಕಾಗಿರೋದು. ಅವ್ರು ಓಡಿಸ್ಬೇಕು, ನಾನು ಮುಂದಿನ ಸೀಟಲ್ಲಿ ಕೂತ್ಕೊಂಡು ಬರ್ಬೇಕು. ಮಂಡಿ ಪೂರಾ ಹೋಗೋಕೆ ಮುಂಚೆ ಒಂದೇ ಒಂದ್ ಸಲ" ಎಂದಳು.

ಇಷ್ಟೇ ಅವಳ ಬೇಡಿಕೆ. ಒಂದು ಲೀಟರು ಡೀಸೆಲ್ ಸಾಕು. ಭಾವ ಪ್ರತಿ ಸೋಮವಾರ ನಿಂತಲ್ಲೇ ಹೊಗೆ ಮಾಡಿ ಕಳೆಯುವುದರಲ್ಲಿ ಅವಳು ಹೋಗಿ ಬಂದುಬಿಡಬಹುದು. ಆದರೆ ಕೇಳಿದಾಗಲೆಲ್ಲ ಭಾವ, "ನೋಡಣ ಬುಡು" ಅನ್ನುತ್ತಾರೆ. ಹಾಗಂದು, ಟರ್ಮಿನಲ್ ಎಂಬ ಆ ಸೀಸದ ಗುಬುಟು ಒರೆಸಲು ಹೋಗುತ್ತಾರೆ.

ತಿಪಟೂರಿನಲ್ಲಿ ನನ್ನ ಅಂಗಡಿಯ ಸಾಲಿನಲ್ಲೇ ಒಬ್ಬ ಬ್ಯಾಟರಿ ರಿಪೇರಿಯವನಿದ್ದಾನೆ. ಅವನು ಭಾವನಿಗೆ ಕೈಮುಗಿದು ಹೇಳಿದ: "ಸ್ವಾಮೀ, ನಿಂತಲ್ಲೇ ಹದಿನೈದು ನಿಮಿಷ ಗುರ್ ಅನ್ಸಿದ್ರೆ ಸ್ಟಾರ್ಟ್ ಮಾಡೋಕೆ ಖರ್ಚಾದ ಚಾರ್ಜೂ ವಾಪಸ್ ಬರಲ್ಲ. ರೋಡಿಗೆ ತಗೊಂಡೋಗಿ ಅರ್ಧ ಗಂಟೆ ಓಡಿಸಿ. ಇಲ್ಲ ಅಂದ್ರೆ ಎರಡು ತಿಂಗಳಿಗೊಂದು ಸಲ ಬಿಚ್ಕೊಂಡು ಬನ್ನಿ, ಚಾರ್ಜಿಗೆ ಹಾಕ್ಕೊಡ್ತೀನಿ." ಎರಡು ದಾರಿ ತೋರಿಸಿದ ಅಲ್ಲವೇ? ಬುದ್ಧಿ ಇರುವ ಮನುಷ್ಯ ಯಾವುದನ್ನು ಹಿಡಿಯುತ್ತಾನೆ? ನಮ್ಮ ಭಾವ ಎರಡನೆಯದನ್ನು ಹಿಡಿದರು.

ಅಂದಿನಿಂದ ಕಾರಿನ ಬ್ಯಾಟರಿ ಎರಡು ತಿಂಗಳಿಗೊಮ್ಮೆ ತಿಪಟೂರಿಗೆ ಪ್ರಯಾಣ ಹೊರಡುತ್ತದೆ. ಬಸ್ಸಿನಲ್ಲಿ! ಟವಲು ಸುತ್ತಿ, ಗೋಣಿಚೀಲದಲ್ಲಿ ನೆಟ್ಟಗೆ ಕೂರಿಸಿ, ಅಲುಗಾಡದಂತೆ ಕಿಟಕಿ ಪಕ್ಕದ ಸೀಟಿಗೆ. ಭಾವ ಪಕ್ಕದಲ್ಲಿ ಕೂತು ಒಂದು ಕೈಯಲ್ಲಿ ತಬ್ಬಿ ಹಿಡಿದಿರುತ್ತಾರೆ. ಸಂತೆಗೆಂದು ಅಕ್ಕ ಹೊರಟಿದ್ದರೆ ಅವಳು ಕಂಬಿ ಹಿಡಿದು ನಿಂತು ಬರುತ್ತಾಳೆ, ಯಾಕೆಂದರೆ ಸೀಟು ಖಾಲಿಯಿಲ್ಲ.

"ಯಾರ್ರೀ ಅದು ಚೀಲದಲ್ಲಿ?" ಎಂದು ಕಂಡಕ್ಟರು ಒಮ್ಮೆ ಕೇಳಿದನಂತೆ.

"ಬ್ಯಾಟ್ರಿ ಕಣಪ್ಪ. ಕಾರಿಂದು."

"ಕಾರಿದೆಯಾ ನಿಮ್ಮನೇಲಿ?"

"ಇದೆ."

ಕಂಡಕ್ಟರು ಭಾವನನ್ನು ನೋಡಿದ, ಚೀಲ ನೋಡಿದ, ಕಂಬಿ ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದ. ಲಗೇಜು ಟಿಕೆಟ್ಟನ್ನೂ ಹರಿಯದೆ ಮುಂದಕ್ಕೆ ಹೋದನಂತೆ. ಅಕ್ಕ ಇದನ್ನು ನನಗೆ ಹೇಳುವಾಗ ನಗುತ್ತಲೇ ಹೇಳಿದಳು. ನಗುತ್ತ ಮಂಡಿ ನೀವಿಕೊಳ್ಳುತ್ತಿದ್ದಳು.

ಕೈಯಾರೆ ಕೊಂದ ಬ್ಯಾಟರಿ ಎಂದೆನಲ್ಲ, ಅದು ಟ್ರಾಕ್ಟರಿನದು. ಬ್ಯಾಟರಿಯ ನೀರು ಕಡಿಮೆಯಾದಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೋರ್‌ವೆಲ್ ನೀರು ಹಾಕಿದರೆ ಅದರ ಉಪ್ಪಿನಂಶಕ್ಕೆ ಬ್ಯಾಟರಿ ಹಾಳಾಗುತ್ತದೆ. ಇದು ಭಾವನಿಗೆ ಚೆನ್ನಾಗಿ ಗೊತ್ತು. ಒಂದು ಸೋಮವಾರ ಮುಚ್ಚಳ ತೆಗೆದು ನೋಡುತ್ತಾರೆ, ನೀರು ಒಳಗಿನ ಸೀಸದ ತಟ್ಟೆಗಳಿಗಿಂತ ಕೆಳಗಿಳಿದಿದೆ. ಕ್ಯಾನಿನಲ್ಲಿ ಡಿಸ್ಟಿಲ್ಡ್ ವಾಟರ್ ಒಂದು ತೊಟ್ಟಿಲ್ಲ. ನನಗೆ ಫೋನು ಮಾಡಿದರು. ನಮ್ಮ ಸಾಲಿನಲ್ಲಿ ಎಲ್ಲರದೂ ಸೋಮವಾರ ರಜಾ. "ನಾಳೆ ತರ್ತೀನಿ ಭಾವ" ಅಂದೆ. ನಾಳೆಯವರೆಗೆ ಅದರ ಬಾಯಿ ಒಣಗುವುದನ್ನು ನೋಡುತ್ತ ಕೂರುವುದು ಅವರ ಕೈಲಾಗುವ ಮಾತೇ?

ಬಾಯಾರಿದವರಿಗೆ ನಮ್ಮ ಸೀಮೆಯಲ್ಲಿ ಏನು ಕೊಡುತ್ತಾರೋ ಅದನ್ನೇ ಕೊಟ್ಟರು. ಎರಡು ಎಳನೀರು ಕೆತ್ತಿ, ಬಟ್ಟೆಯಲ್ಲಿ ಸೋಸಿ, ಬ್ಯಾಟರಿಯ ಆರು ಮನೆಗೂ ಸಮನಾಗಿ ಹಂಚಿ ಹುಯ್ದರು.

ಆಮೇಲೆ ಸಮರ್ಥನೆ ಕೇಳಿ: "ಮರದ ಬೇರಲ್ಲಿ ಸೋಸ್ಕೊಂಡು, ಕಾಂಡದಲ್ಲಿ ಸೋಸ್ಕೊಂಡು, ನಲವತ್ತಡಿ ಮೇಲೆ ಹೋಗಿ ಸೀಲಾಗಿ ಕೂತಿರೋ ನೀರು ಕಣಯ್ಯ. ಯಾವ ಕಂಪ್ನಿಯೋನೂ ಕೈ ಇಕ್ಕಿಲ್ಲ. ಇದಕ್ಕಿಂತ ಡಿಸ್ಟಿಲ್ಡ್ ಇನ್ನೇನಿದ್ದಾತು?"

ಮುಂದಿನ ಸೋಮವಾರ ಟ್ರಾಕ್ಟರು 'ಟಿಕ್' ಎಂದಿತು, ಅಷ್ಟೆ. ಬ್ಯಾಟರಿಯನ್ನು ತಿಪಟೂರಿಗೆ ತಂದರು. ರಿಪೇರಿಯವನು ಮುಚ್ಚಳ ತೆಗೆದು, ಮೂಗು ಹತ್ತಿರ ಒಯ್ದು, ತಟಕ್ಕನೆ ಹಿಂದಕ್ಕೆ ಸರಿದ. ಮತ್ತೆ ಮೂಸಿದ. ಹುಳಿ ವಾಸನೆ ಅವನಿಗೆ ಪರಿಚಯದ್ದೇ, ಆದರೆ ಬ್ಯಾಟರಿಯೊಳಗಿಂದ ಬಂದಿದ್ದು ಅದೇ ಮೊದಲು.

"ಏನ್ ಹಾಕಿದ್ರಿ ಸ್ವಾಮೀ ಇದಕ್ಕೆ?"

"ನೀರು."

"ಯಾವ ನೀರು?"

"ನಮ್ಮ ತೋಟದ್ದೇ" ಎಂದರು ಭಾವ, ರಸ್ತೆಯ ಕಡೆ ನೋಡುತ್ತ.

ಅವನು ನಿಧಾನವಾಗಿ ಕೇಳಿದ: "ಗಂಜಿ ಇತ್ತಾ, ಬರೀ ನೀರಾ?"

ಆ ಬ್ಯಾಟರಿ ಗುಜರಿಗೆ ಹೋಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕಿನಲ್ಲಿ ಎಳನೀರು ಕುಡಿದು ಸತ್ತವರು ಯಾರೂ ಇಲ್ಲ. ಆ ಕೀರ್ತಿ ಭಾವನ ಟ್ರಾಕ್ಟರಿಗೇ ಸೇರಬೇಕು. ಹೊಸ ಬ್ಯಾಟರಿ ಕೊಳ್ಳುವಾಗ ಅಂಗಡಿಯವನು, ಇದಕ್ಕೆ ನೀರೇ ಹಾಕಬೇಕಿಲ್ಲ, ಪೂರ್ತಿ ಮುಚ್ಚಿರುತ್ತದೆ ಎಂದು ಇನ್ನೊಂದು ಜಾತಿಯದನ್ನು ತೋರಿಸಿದ. "ಬಾಯಿ ಹೊಲಿದಿರೋದು ಬೇಡ, ಹೊಟ್ಟೇಲಿ ಏನಿದೆ ಅಂತ ಹೆಂಗೆ ತಿಳ್ಕಳಾದು?" ಎಂದು ಭಾವ ಹಳೆಯ ನಮೂನೆಯದನ್ನೇ ತಂದರು.

ಜನರೇಟರಿನದು ಇನ್ನೊಂದು ಘನಂದಾರಿ ಕತೆ. ಮೊಮ್ಮಗುವಿನ ನಾಮಕರಣ. ಬೆಳಿಗ್ಗೆ ಒಬ್ಬಟ್ಟಿಗೆ ಹೂರಣ ರುಬ್ಬುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅಕ್ಕನ ಮುಖದಲ್ಲಿ ಮೊದಲ ಸಲ ಒಂದು ಗರ್ವ ಕಂಡಿತು. ಜನರೇಟರು ಇರುವ ಮನೆಯ ಯಜಮಾನಿ ಅಲ್ಲವೇ? "ರೀ, ಅದನ್ನೊಸಿ ಹಾಕಿ" ಎಂದಳು.

"ಯಾವ್ದನ್ನ?"

"ಜನರೇಟರನ್ನ."

"ಮೊನ್ನೆ ಸೋಮವಾರ ತಾನೆ ಹಾಕಿದೀನಲ್ಲೇ, ಚಾರ್ಜ್ ಫುಲ್ಲಿದೆ. ಈಗ್ಯಾಕೆ?"

ಅದು ಕರೆಂಟು ಕೊಡಲು ಇರುವ ಯಂತ್ರ ಎಂಬುದು ಅವರಿಗೆ ಮರೆತೇಹೋಗಿತ್ತು. ಅವರ ಲೆಕ್ಕದಲ್ಲಿ ಅದು ಒಂದು ಬ್ಯಾಟರಿ, ಆ ಬ್ಯಾಟರಿಯನ್ನು ಚಾರ್ಜು ಮಾಡಿಕೊಳ್ಳಲು ಅದಕ್ಕೆ ಅಂಟಿಸಿರುವ ಒಂದು ಎಂಜಿನ್ನು. ನೆನಪಿಸಿದ ಮೇಲೆ ಹೊರಟರು ಎನ್ನಿ. ಗ್ರಾವಿಟಿ ನೋಡಿ, ಟರ್ಮಿನಲ್ ಒರೆಸಿ, ಅಡುಗೆಮನೆಯವರೆಗೆ ವಯರು ಎಳೆದು ಸ್ಟಾರ್ಟು ಮಾಡುವ ಹೊತ್ತಿಗೆ ಅಕ್ಕ ಒರಳುಕಲ್ಲಿನಲ್ಲಿ ಹೂರಣ ರುಬ್ಬಿ ಮುಗಿಸಿದ್ದಳು. ಎರಡು ನಿಮಿಷಕ್ಕೆ ಕರೆಂಟೂ ಬಂತು. "ನೋಡಿದ್ರಾ, ಒಂದೇ ಕೀಗೆ ಸ್ಟಾರ್ಟು" ಎಂದು ಭಾವ ಬಂದ ನೆಂಟರಿಗೆಲ್ಲ ಹೇಳಿಕೊಂಡು ಓಡಾಡಿದರು.

ಇನ್ನು ಮನೆಯೊಳಗೆ? ಒಂದೂವರೆ ವೋಲ್ಟಿನ ಸಣ್ಣ ಸಂಸಾರ ಬೇರೆ ಇದೆ. ಇಬ್ಬರೂ ಊರಿಗೆ ಹೊರಟರೆ ಭಾವ ಗೋಡೆ ಗಡಿಯಾರದ ಸೆಲ್ಲು ತೆಗೆದಿಟ್ಟು ಬಾಗಿಲು ಹಾಕುತ್ತಾರೆ. "ಮನೇಲಿ ಯಾರೂ ಇಲ್ದಾಗ ಅದು ಯಾರಿಗೆ ಟೈಮ್ ತೋರಿಸ್ಬೇಕು?" ವಾಪಸು ಬಂದು ಸೆಲ್ಲು ಹಾಕುತ್ತಾರೆ, ಮುಳ್ಳು ತಿರುಗಿಸುವುದು ಮರೆಯುತ್ತಾರೆ. ಹಾಗಾಗಿ ಅಕ್ಕನ ಮನೆಯ ಗಡಿಯಾರ ನೋಡಿ ಟೈಮು ಹೇಳಬೇಕಾದರೆ, ಕೊನೆಯ ಸಲ ಅವರು ಎಲ್ಲಿಗೆ ಹೋಗಿದ್ದರು, ಎಷ್ಟು ಹೊತ್ತು ಇದ್ದರು ಎಂದು ತಿಳಿದಿರಬೇಕು. ನಾನು ಒಮ್ಮೆ ಹನ್ನೊಂದೂವರೆಗೆ ಹೋದಾಗ ಗಡಿಯಾರದಲ್ಲಿ ಆರೂಕಾಲು. "ನಿನ್ನೆ ಅರಳಗುಪ್ಪೆಗೆ ದೇವಸ್ಥಾನಕ್ಕೆ ಹೋಗಿದ್ವಿ ಕಣ್ಲಾ, ಐದೂಕಾಲು ಗಂಟೆ ಸೇರಿಸ್ಕೋ" ಎಂದಳು ಅಕ್ಕ, ಸೊಪ್ಪು ಬಿಡಿಸುತ್ತ.

ನನ್ನನ್ನೂ ಬಿಟ್ಟಿಲ್ಲ ಮಹಾಶಯರು. ನಾವು ಮನೆಮಂದಿಯೆಲ್ಲ ಹತ್ತು ದಿನ ಪ್ರವಾಸ ಹೋಗುವಾಗ ಮನೆಯ ಕೀಲಿ ಭಾವನ ಕೈಗೆ ಕೊಟ್ಟಿದ್ದೆ, ಗಿಡಕ್ಕೆ ನೀರು ಹಾಕಲಿ ಎಂದು. ಬಂದು ನೋಡಿದರೆ ಗಿಡಗಳು ಒಣಗಿ ನಿಂತಿವೆ. ಹೋಗಲಿ ಎಂದು ಅಂಗಡಿಗೆ ಹೊರಟೆ, ಸ್ಕೂಟರು ಸ್ಟಾರ್ಟಾಗದು. ದೀಪವಿಲ್ಲ, ಹಾರನ್ನಿಲ್ಲ. ಉರಿಬಿಸಿಲಲ್ಲಿ ಮೆಕ್ಯಾನಿಕ್ಕಿನ ತನಕ ತಳ್ಳಿದೆ. ಅವನು ಸೀಟಿನ ಕೆಳಗೆ ಕೈಹಾಕಿ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟ. ಭಾವನ ದುಂಡು ಅಕ್ಷರ: 'ನೆಗೆಟಿವ್ ವಯರ್ ಬಿಚ್ಚಿದ್ದೇನೆ. ಚಾರ್ಜ್ ಭದ್ರವಾಗಿದೆ. ಚಿಂತೆ ಬೇಡ.'

ಆಯುಧಪೂಜೆ ದಿನ ಮಾತ್ರ ಬಿಳಿ ಕಾರು ಚಲಿಸುತ್ತದೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಭಾವ ಒಬ್ಬರೇ ಕೂತು, ಹಣ್ಣು ಪಚಕ್ಕೆನ್ನುವಷ್ಟು ಮುಂದಕ್ಕೆ ಬಿಡುತ್ತಾರೆ. ಮತ್ತೆ ಅಷ್ಟೇ ಹಿಂದಕ್ಕೆ. ವರ್ಷಕ್ಕೆ ಒಂದು ಮಾರು ದೂರ. ಹೋದ ವರ್ಷ ಅಕ್ಕ ರೇಷ್ಮೆ ಸೀರೆ ಉಟ್ಟು ಕಾಯುತ್ತಿದ್ದವಳು, ಮಂಗಳಾರತಿ ಆದ ಕೂಡಲೇ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು.

"ಇಳಿಯೇ" ಎಂದರು ಭಾವ.

"ನಿಂಬೆಹಣ್ಣಿನ ತನಕ ಬತ್ತೀನಿ."

"ಇಳಿ ಅಂದ್ನಲ್ಲ. ಪೂಜೆ ಗಾಡಿಗೆ, ನಿಂಗಲ್ಲ."

ಅವಳು ಇಳಿದಳು. ಬಂದ ನಾಲ್ಕು ಜನ ನಕ್ಕರು, ನಾನೂ ನಕ್ಕೆ. ಆಮೇಲೆ ಮನೆಯೊಳಗೆ ಅವಳು ರೇಷ್ಮೆ ಸೀರೆ ಮಡಿಸುತ್ತಿದ್ದುದನ್ನು ನೋಡಿ ಮಾತ್ರ ನನಗೆ ಯಾಕೋ ಭಾವನ ಮೇಲೆ ನಿಜವಾದ ಸಿಟ್ಟು ಬಂತು.

ಆ ಸಿಟ್ಟು ಈ ವರ್ಷ ಬಾಯಿಗೆ ಬಂತು. ಗೌರಿ ಹಬ್ಬಕ್ಕೆ ಇನ್ನು ಮೂರು ವಾರ ಇದ್ದಾಗ ಅಕ್ಕ ಸಂತೆಯಿಂದ ವಾಪಸು ಬರುವಾಗ ಬಸ್ಸಿನ ಮೆಟ್ಟಿಲಲ್ಲಿ ಕಾಲು ನಿಲ್ಲದೆ ಜಾರಿದಳು. ಹಿಂದಿದ್ದವರು ಹಿಡಿದುಕೊಂಡದ್ದರಿಂದ ತಲೆ ಉಳಿಯಿತು, ಮಂಡಿ ಮಾತ್ರ ಬಾತು ಕುಂಬಳಕಾಯಾಯಿತು. ಸೋಮವಾರ ನಾನು ಹೋದಾಗ ಜಗುಲಿಯ ಮೇಲೆ ಕಾಲು ಚಾಚಿ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದಳು. ಶೆಡ್ಡಿನಿಂದ ಕಾರಿನ ಗುರುಗುಟ್ಟುವಿಕೆ ಕೇಳುತ್ತಿತ್ತು.

"ಇನ್ನು ಬಸ್ ಹತ್ತಲ್ಲ ಕಣ್ಲಾ" ಎಂದಳು. "ಹಬ್ಬಕ್ಕೆ ಅವ್ರು ಕರ್ಕೊಂಡು ಬಂದ್ರೆ ತವರು ನೋಡ್ತೀನಿ. ಇಲ್ಲ ಅಂದ್ರೆ ಮುಗೀತು ಅನ್ಕೊ. ನೀನೂ ಬಾಗಿನ ಹೊತ್ಕೊಂಡು ಬರ್ಬೇಡ, ನಂಗೆ ಬೇಜಾರಾಯ್ತದೆ."

ಅವಳು ಅಳಲಿಲ್ಲ. ಉಪ್ಪಿನ ಗಂಟು ತಣ್ಣಗಾಗಿದೆ ಎಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಬಿಸಿ ಮಾಡಿ ತಂದುಕೊಟ್ಟು ನೇರ ಶೆಡ್ಡಿಗೆ ಹೋದೆ. ಭಾವ ಸ್ಟೀರಿಂಗ್ ಮುಂದೆ ಕೂತಿದ್ದರು. ಕೈ ಮಡಿಲಲ್ಲಿ, ಕಣ್ಣು ಮುಂದಿನ ಗಾಜಿನಾಚೆ ತೆಂಗಿನ ಸಾಲಿನ ಮೇಲೆ. ನಾನು ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ.

"ಭಾವ, ತಮಾಷೆ ಸಾಕು. ಬ್ಯಾಟರಿ ಇಳಿದೀತು ಅಂತ ವಾರವಾರ ಬಂದು ನೋಡ್ತೀರಲ್ಲ, ಅಕ್ಕ ಇಳಿದು ಹೋಗ್ತಿರೋದು ಕಾಣಲ್ವಾ ನಿಮಗೆ? ಅವಳು ಬಸ್ಸಿನ ಮೆಟ್ಟಿಲಿಂದ ಬೀಳೋವಾಗ ಈ ಕಾರು ಇಲ್ಲಿ ಫುಲ್ ಚಾರ್ಜಲ್ಲಿ ನಿಂತಿತ್ತು. ನಾಚಿಕೆ ಆಗಲ್ವಾ?"

ಹಿರಿಯರಿಗೆ ಆಡುವ ಮಾತಲ್ಲ. ಆದರೆ ಆಡಿಯಾಗಿತ್ತು. ಭಾವ ಕೀ ತಿರುಗಿಸಿ ಎಂಜಿನ್ನು ನಿಲ್ಲಿಸಿದರು. ಹದಿನೈದು ನಿಮಿಷ ಆಗಿರಲಿಲ್ಲ. ನಾನು ನೋಡಿದ ಹಾಗೆ ಅವರು ಎಂದೂ ಹಾಗೆ ನಡುವೆ ನಿಲ್ಲಿಸಿದವರಲ್ಲ.

"ಆಯ್ತದೆ" ಎಂದರು. ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದರು: "ಇದನ್ನ ತಂದ ಹೊಸದ್ರಲ್ಲಿ ನಿಮ್ಮಕ್ಕನ್ನ ಕೂರಿಸ್ಕೊಂಡು ದಬ್ಬೇಘಟ್ಟಕ್ಕೆ ಒಂದು ಮದುವೆಗೆ ಹೊಂಟಿದ್ದೆ. ಎದುರಿಗೆ ಲಾರಿ ಬಂತು. ಎಡಕ್ಕೆ ಎಳ್ದೆ, ಜಾಸ್ತಿ ಎಳ್ದ್‌ಬುಟ್ಟೆ. ಗಾಡಿ ನಾಲೆಗೆ ಇಳೀತು. ಪುಣ್ಯಕ್ಕೆ ನೀರು ಬಿಟ್ಟಿರ್ಲಿಲ್ಲ. ಇವ್ಳ ಕೈ ಬಾಗ್ಲಿಗೆ ಸಿಕ್ಕಾಕ್ಕೊಂತು. ಮೂಳೆ ಮುರಿದಿದ್ದು ನಂಗೆ ಕೇಳುಸ್ತು ಕಣಯ್ಯ. ಅವ್ಳು ಕೂಗ್ಲಿಲ್ಲ. ನನ್ನ ಕಡೆ ತಿರುಗಿ, ನಿಮ್ಗೇನೂ ಆಗ್ಲಿಲ್ವಾ ಅಂದ್ಲು."

ಅಕ್ಕನ ಎಡಗೈ ಮೊಣಕೈ ಹತ್ತಿರ ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಜಾರಿ ಬಿದ್ದೆ ಎಂದು ನಮಗೆಲ್ಲ ಹೇಳಿದ್ದಳು. ನಾನೇ ಆಸ್ಪತ್ರೆಗೆ ಹೋಗಿ, ನೋಡಿಕೊಂಡು ನಡೆಯಬಾರದಾ ಎಂದು ಬೈದು ಬಂದಿದ್ದೆ.

"ಹಂಗೆ ಹೇಳು ಅಂತ ನಾನು ಹೇಳಿರ್ಲಿಲ್ಲ" ಎಂದರು ಭಾವ. "ಅವ್ಳೇ ಹೇಳಿದ್ಲು. ಅವತ್ತಿಂದ ಅವ್ಳು ಪಕ್ಕದಲ್ಲಿ ಕೂತ್ರೆ ನಂಗೆ ಕೈ ನಿಲ್ಲಲ್ಲ. ನಿಂಬೆಹಣ್ಣಿನ ತನ್ಕ ಹೋಗೋಕೂ ಆಗಲ್ಲ."

"ಮತ್ತೆ ಮಾರಿಬಿಡಬೇಕಿತ್ತಲ್ಲ ಭಾವ?"

"ಮಾರ್ಬುಟ್ಟು? ನಾಳೆ ಅವ್ಳಿಗೆ ಏನಾದ್ರೂ ಆಗಿ ಎತ್ತಿ ಹಾಕ್ಕೊಂಡು ಓಡೋ ಹಂಗೆ ಬಂದ್ರೆ? ಅವತ್ತು ನನ್ನ ಕೈ ನಡುಗಿದ್ರೆ ನಡುಗ್ಲಿ, ಗಾಡಿ ಒಂದೇ ಕೀಗೆ ಏಳ್ಬೇಕು. ಅದಕ್ಕೇ ವಾರವಾರ ನೋಡ್ಕೊಳಾದು."

ಹಾಗಾದರೆ ಆ ಟ್ರಾಕ್ಟರು, ಆ ಔಷಧಿ ಪಂಪು, ಆ ಗಡಿಯಾರ ಯಾಕೆ ಎಂದು ನೀವು ಕೇಳಬಹುದು. ಅದು ಅವರ ಹುಟ್ಟುಗುಣ, ಅದಕ್ಕೆ ಔಷಧಿಯಿಲ್ಲ. ನನಗೆ ಮಾತ್ರ ಆಗ ಅದ್ಯಾವುದನ್ನೂ ಕೇಳುವ ಮುಖವಿರಲಿಲ್ಲ. ಹದಿನಾಲ್ಕು ವರ್ಷ ಸೋಮವಾರ ಸೋಮವಾರ ಹೋಗಿ ಆಡಿಕೊಂಡು ಬಂದಿದ್ದೇನೆ, ಒಂದು ದಿನವಾದರೂ ಯಾಕೆ ಎಂದು ಕೇಳಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

"ನಾನು ಓಡಿಸ್ಲಾ, ಹಬ್ಬಕ್ಕೆ?" ಎಂದೆ, ಮೆತ್ತಗೆ.

ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಟವಲಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, "ತಿಪಟೂರು ರೋಡಲ್ಲಿ ಲಾರಿ ಯಾವೊತ್ನಲ್ಲಿ ಕಮ್ಮಿ?" ಎಂದು ಕೇಳಿದರು. ಬೆಳಿಗ್ಗೆ ಏಳರೊಳಗೆ ಕಡಿಮೆ ಎಂದೆ.

ಮುಂದಿನ ಸೋಮವಾರ ಅಕ್ಕನ ಫೋನು ಬಂತು. "ನಿಮ್ಮ ಭಾವ ಇವತ್ತು ಕಾರನ್ನ ತೋಟದ ಗೇಟ್ ತನ್ಕ ತಗೊಂಡೋಗಿ ಬಂದ್ರು ಕಣ್ಲಾ" ಎಂದಳು, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ. ಅದರ ಮುಂದಿನ ವಾರ ಊರ ಮುಂದಿನ ಅರಳಿಕಟ್ಟೆಯವರೆಗೆ. ಎರಡು ಸಲವೂ ಭಾವ ಒಬ್ಬರೇ.

ಗೌರಿ ಹಬ್ಬದ ದಿನ ಆರು ಗಂಟೆಗೆ "ಹೊರಟ್ವಿ" ಎಂದು ಫೋನು ಬಂತು. ಆರೂವರೆಗೆ ಬರಬೇಕು. ಬರಲಿಲ್ಲ. ನನ್ನ ಹೆಂಡತಿ ಬಾಗಿನದ ಮೊರಕ್ಕೆ ಅರಿಸಿನ ಹಚ್ಚುತ್ತ ಒಳಗಿಂದ ಕೇಳುತ್ತಲೇ ಇದ್ದಳು, ಬಂದ್ರಾ, ಬಂದ್ರಾ ಎಂದು. ಏಳಾಯಿತು. ನಾನು ಗೇಟಿನಲ್ಲಿ ಅತ್ತಿಂದಿತ್ತ ಓಡಾಡಿ ಚಪ್ಪಲಿ ಸವೆಸುತ್ತಿದ್ದೆ. ಫೋನು ಮಾಡಲು ಕೈ ಬರಲಿಲ್ಲ, ಓಡಿಸುವಾಗ ಗಂಟೆ ಬಾರಿಸಿ ಅವರು ಬೆಚ್ಚಿದರೆ? ಏಳು ಇಪ್ಪತ್ತಕ್ಕೆ ಬೀದಿಯ ತುದಿಯಲ್ಲಿ ಹಾರನ್ನುಗಳ ಜಾತ್ರೆ ಕೇಳಿತು. ಮುಂದೆ ಬಿಳಿ ಕಾರು, ದಿಬ್ಬಣದ ಮುಂದೆ ನಡೆಯುವ ಮದುಮಗನ ಹಾಗೆ ಹೆಜ್ಜೆ ಹೆಜ್ಜೆಗೆ. ಹಿಂದೆ ಒಂದು ಹಾಲಿನ ವ್ಯಾನು, ಮೂರು ಆಟೋ, ಒಂದು ಬಸ್ಸು, ಎಲ್ಲರೂ ಬೈಯುತ್ತ. ಬಿಳಿ ಕಾರು ಯಾರ ಮಾತೂ ಕಿವಿಗೆ ಹಾಕಿಕೊಳ್ಳದೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು.

ನಾನು ಓಡಿಹೋಗಿ ಅಕ್ಕನ ಕಡೆಯ ಬಾಗಿಲು ತೆಗೆದೆ. ರೇಷ್ಮೆ ಸೀರೆ, ತಲೆಗೆ ಹೂವು, ಮಡಿಲಲ್ಲಿ ಹಣ್ಣಿನ ಬುಟ್ಟಿ. ನನ್ನನ್ನು ನೋಡಿ ನಕ್ಕಳು, ಆದರೆ ಇಳಿಯಲಿಲ್ಲ. ಎಂಜಿನ್ನು ಇನ್ನೂ ಓಡುತ್ತಿತ್ತು. ಭಾವ ನೆಟ್ಟಗೆ ಮುಂದಕ್ಕೇ ನೋಡುತ್ತಿದ್ದರು. ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದಿತ್ತು. ಎರಡೂ ಕೈ ಸ್ಟೀರಿಂಗನ್ನು ಹಿಡಿದೇ ಇದ್ದವು, ಬೆರಳಿಂದ ಮೊಣಕೈವರೆಗೆ ಗಡಗಡ ನಡುಗುತ್ತಿದ್ದವು. ಅಕ್ಕ ತನ್ನ ಎಡಗೈ ಮಡಿಲಲ್ಲಿಟ್ಟುಕೊಂಡು, ಬಲಗೈಯನ್ನು ಅವರ ಕೈ ಮೇಲೆ ಇಟ್ಟಳು.

"ಇಳಿಯಕ್ಕ" ಎಂದೆ.

"ನೀನು ಒಳಗೋಗಿ ಕಾಫಿಗಿಡ್ಸು ಹೋಗ್ಲಾ" ಎಂದಳು. "ಇವ್ರ ಕೈ ಒಸಿ ನಿಲ್ಲಲಿ. ಇಬ್ರೂ ಒಟ್ಟಿಗೆ ಇಳೀತೀವಿ."